ಇಪ್ಪತ್ತೊಂದು ಪತ್ರೆ, ಒಂದು ಪಾರ್ಕು

ಗೌರಿ ಹಬ್ಬದ ಸಂಜೆ, ಮಾರುಕಟ್ಟೆಯಿಂದ ತಂದ ಪತ್ರೆಯ ಕಟ್ಟನ್ನು ಬಿಚ್ಚಿ ಮೂಗಿನ ಹತ್ತಿರ ಹಿಡಿದೆ. ಬಂದದ್ದು ಆಗತಾನೆ ಕತ್ತರಿಸಿದ ಬೇಲಿಗಿಡದ ಹಸಿ ವಾಸನೆ. ಮಾರನೆಯ ದಿನ ಗಣೇಶನಿಗೆ ಇಪ್ಪತ್ತೊಂದು ಬಗೆಯ ಎಲೆ ಏರಿಸಬೇಕು. ಇಪ್ಪತ್ತೊಂದೂ ಇದೆ ಎಂದು ಮಾರುವವಳು ಆಣೆ ಮಾಡಿ ಕೊಟ್ಟಿದ್ದಳು. ಹರಡಿ ನೋಡಿದರೆ ಗರಿಕೆ, ಮಾವಿನೆಲೆ, ಒಂದಿಷ್ಟು ತುಳಸಿ. ಉಳಿದದ್ದೆಲ್ಲ ಯಾರದೋ ಕಾಂಪೌಂಡಿನಲ್ಲಿ ಕತ್ತರಿಸಿ ಬಿಸಾಡಿದ ಬೇಲಿ. ಅವಳನ್ನು ಬೈದು ಏನು ಪ್ರಯೋಜನ, ಅವಳಾದರೂ ಎಲ್ಲಿಂದ ತಂದಾಳು? ನಿಜವಾದ ಪತ್ರೆಗೆ ಒಂದು ಘಾಟಿತ್ತು. ಲಕ್ಕಿ ಸೊಪ್ಪಿನದು, ಉಮ್ಮತ್ತಿಯದು, ಬಿಲ್ವದ್ದು, ಎಲ್ಲ ಬೆರೆತು ಮನೆಯಿಡೀ ಹರಡುತ್ತಿದ್ದ ಘಾಟು... ಅದಿಲ್ಲವೆಂದು ಗೊತ್ತಾದಾಗಲೇ ಎದುರುಮನೆಯ ಹೆಡ್‌ಕ್ಲರ್ಕ್ ನೆನಪಾದರು.

ಯಾವುದೋ ಕಚೇರಿಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ನಮ್ಮ ಬೀದಿಗೆ ಅವರು ಹೆಡ್‌ಕ್ಲರ್ಕೇ. ಅವರ ತಾತ ಅರಮನೆಯ ಕೆಲಸದಲ್ಲಿದ್ದರಂತೆ. ಆ ಗತ್ತು ಮೊಮ್ಮಗನ ಮಾತಿನಲ್ಲಿ ಉಳಿದಿತ್ತು. ನಾನು ಮದುವೆಯಾಗಿ ಊರಂಚಿನ, ಹಿನಕಲ್ ಕಡೆಯ ಈ ಬಡಾವಣೆಗೆ ಬಂದ ಹೊಸದರಲ್ಲಿ, ನಮ್ಮ ರಂಗೋಲಿ ಅವರ ಗೇಟಿನ ಕಡೆಗೆ ವಾಲಿದೆ ಎಂದು ತಕರಾರು ತೆಗೆದ ಮನುಷ್ಯ. ಆದರೆ ಗಣೇಶನ ಹಬ್ಬದ ಬೆಳಿಗ್ಗೆ ಬೀದಿಯವರೆಲ್ಲ ಅವರ ಬಾಗಿಲಿಗೇ ಹೋಗಬೇಕಾಗಿತ್ತು. ಬಿದಿರುಬುಟ್ಟಿ ಹಿಡಿದು ಹಿಂದಿನ ಕಾಡಿಗೆ ಹೋಗಿಬಂದು, ಮನೆಗೊಂದರಂತೆ ಪತ್ರೆಯ ಕಟ್ಟು ಮಾಡಿ ಇಟ್ಟಿರುತ್ತಿದ್ದರು.

"ಎಣಿಸ್ಕೊಂಡು ಹೋಗಮ್ಮ. ಆಮೇಲೆ ಬನ್ನಿ ಇರ್ಲಿಲ್ಲ, ಎಕ್ಕ ಇರ್ಲಿಲ್ಲ ಅಂತ ದೂರು ತರ್ಬೇಡ" ಎನ್ನುತ್ತಿದ್ದರು. ನಗುತ್ತಿರಲಿಲ್ಲ. ಅವರು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ.

ಹಿಂದಿನ ಕಾಡು ಎಂದರೆ ಹುಲಿ ಚಿರತೆಯ ಕಾಡಲ್ಲ. ಕೊನೆಯ ಸಾಲಿನ ಮನೆಗಳಾಚೆ, ಇಲವಾಲದ ದಿಕ್ಕಿಗೆ ಒಂದು ದಿಣ್ಣೆ; ಅದರ ಮೈತುಂಬ ಕಗ್ಗಲಿ, ಬೋರೆ, ಕಾರೆ, ಲಕ್ಕಿ, ನಡುನಡುವೆ ಹೊಂಗೆ, ಮುತ್ತುಗ. ಯಾರೂ ನೆಟ್ಟದ್ದಲ್ಲ, ನೀರೆರೆದದ್ದಲ್ಲ. ನೋಡಲು ಅಂಥ ಚೆಂದವೂ ಇರಲಿಲ್ಲ. ಬಂದ ನೆಂಟರು ಏನ್ರೀ ಇಷ್ಟೊಂದು ಪೊದೆ ಎಂದು ಮೂಗು ಮುರಿಯುತ್ತಿದ್ದರು. ಬಿದ್ದ ಮಳೆಯನ್ನು ಆ ದಿಣ್ಣೆ ಹರಿದುಹೋಗಲು ಬಿಡದೆ ಹೆಡ್‌ಕ್ಲರ್ಕ್ ಮನೆಯ ಬಾವಿಗೆ ಇಳಿಸುತ್ತಿತ್ತು. ಬೇಸಿಗೆಯಲ್ಲಿ ನಲ್ಲಿ ಕೈಕೊಟ್ಟಾಗ ಇಡೀ ಬೀದಿ ಅಲ್ಲಿ ಸೇದುತ್ತಿತ್ತು. ಸಂಜೆ ಆ ಕಡೆಯ ಕಿಟಕಿ ತೆರೆದರೆ ಫ್ಯಾನು ಬೇಕಾಗುತ್ತಿರಲಿಲ್ಲ. ನಮ್ಮತ್ತೆಯ ಮಂಡಿನೋವಿಗೆ ಲಕ್ಕಿ ಸೊಪ್ಪಿನ ಶಾಖ. ಹಿತ್ತಲ ನುಗ್ಗೆಯ ಹೂವಿಗೆ ಜೇನು ಬರುತ್ತಿದ್ದದ್ದು ಅಲ್ಲಿಂದಲೇ. ಹಿನಕಲ್‌ನಿಂದ ನಮಗೆಲ್ಲ ಹಾಲು ತರುತ್ತಿದ್ದ ಹಾಲಿನಕ್ಕ ತನ್ನ ಹಸುಗಳನ್ನು ಅಲ್ಲೇ ಮೇಯಿಸಿ, ಮರಳುವಾಗ ತಲೆಗೊಂದು ಸೌದೆ ಹೊರೆ, ಮಡಿಲಿಗೆ ಒಂದಿಷ್ಟು ಬೆರಕೆ ಸೊಪ್ಪು ಮಾಡಿಕೊಂಡು ಹೋಗುತ್ತಿದ್ದಳು. ಹಾವುಗಳೂ ಇದ್ದವು, ಅವುಗಳ ಪಾಡಿಗೆ.

ಸುತ್ತಲೂ ಸೈಟುಗಳ ಕಲ್ಲು ನೆಡಲು ಶುರುವಾದಾಗ ಹೆಡ್‌ಕ್ಲರ್ಕ್‌ಗೆ ನಿದ್ದೆಯೇ ಹಾರಿಹೋಯಿತು. ಸರ್ಕಾರದ ಜಾಗ, ಹೇಳುವವರು ಕೇಳುವವರು ಇಲ್ಲ, ಇಂದಲ್ಲ ನಾಳೆ ಯಾರಾದರೂ ನುಂಗುತ್ತಾರೆ ಎಂಬ ಭಯ. ಜೀವಮಾನವೆಲ್ಲ ಫೈಲಿನ ಜೊತೆ ಕಳೆದವರು. ಉಪಾಯವೂ ಫೈಲಿನಲ್ಲೇ ಹೊಳೆಯಿತು. ಅದನ್ನು ಪಾರ್ಕ್ ಎಂದು ಘೋಷಿಸಿ ಎಂದು ಅರ್ಜಿ ಹಾಕಿದರು.

"ಒಂದ್ಸಲ ಫೈಲಲ್ಲಿ ಪಾರ್ಕು ಅಂತ ಬಿದ್ರೆ ಮುಗೀತು ಕಣಮ್ಮ. ಆಮೇಲೆ ಒಬ್ರೂ ಕೈ ಹಾಕೋ ಹಾಗಿಲ್ಲ."

ನಾವೆಲ್ಲ ಸಹಿ ಹಾಕಿದೆವು. ಬಿಸಿಲಲ್ಲಿ ಕಚೇರಿಯಿಂದ ಕಚೇರಿಗೆ ಆ ವಯಸ್ಸಿನಲ್ಲಿ ವರ್ಷಗಟ್ಟಲೆ ಅಲೆದರು. ಕೊನೆಗೆ ಮಂಜೂರಾದ ದಿನ ಮನೆಮನೆಗೆ ಮೈಸೂರುಪಾಕು ಹಂಚಿದರು. ಅವತ್ತು ಮಾತ್ರ ನಕ್ಕಿದ್ದರು.

ಆಮೇಲೆ ಜೆಸಿಬಿ ಬಂತು. ಬೇಲಿಯ ಕಂಬಕ್ಕೆ ಗುಂಡಿ ತೋಡಲು ಇರಬೇಕು ಎಂದುಕೊಂಡು ಅವರು ಕಾಫಿ ಕುಡಿಯುತ್ತಾ ಕೂತಿದ್ದರು... ಎದ್ದು ಓಡಿಹೋಗುವ ಹೊತ್ತಿಗೆ ಅರ್ಧ ದಿಣ್ಣೆ ಬೋಳಾಗಿತ್ತು. ಅಡ್ಡ ನಿಂತರು. "ನಿಮ್ಮ ಏರಿಯಾದವರೇ ಕೇಳಿದ್ದಂತಲ್ಲ ಸಾರ್ ಪಾರ್ಕು. ಈ ಮುಳ್ಳು ಇಟ್ಕೊಂಡು ಎಂಗ್ ಮಾಡದು?" ಎಂದ ಮೇಸ್ತ್ರಿ. ತಪ್ಪೇನೂ ಹೇಳಲಿಲ್ಲ. ಫೈಲಿನಲ್ಲಿ ಪಾರ್ಕ್ ಎಂದಿತ್ತು, ಅವನು ಪಾರ್ಕ್ ಮಾಡಿದ. ನೆಲ ಸಮ ಮಾಡಿ ದಾರಿಗೆಲ್ಲ ಟೈಲ್ಸ್, ಹುಲ್ಲುಹಾಸು, ನೆರಳು ಕೊಡದ ತಾಳೆಯಂಥ ಅಲಂಕಾರದ ಗಿಡಗಳ ಸಾಲು, ಮಧ್ಯೆ ಒಂದು ಕಾರಂಜಿ.

ಉದ್ಘಾಟನೆಯ ದಿನ ಹೆಡ್‌ಕ್ಲರ್ಕ್‌ಗೆ ಸನ್ಮಾನ. ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಮೈಕ್ ಮುಂದೆ ನಿಂತು ಬುಟ್ಟಿಯನ್ನು ಕೆಳಗಿಟ್ಟರು. ಆಮೇಲೆ, "ನಾನು ಕೇಳಿದ್ದು ಇದಲ್ಲ" ಎಂದರು. ಇನ್ನೂ ಏನೋ ಹೇಳಬೇಕೆಂದಿದ್ದರು... ಅಷ್ಟರಲ್ಲಿ, ದೊಡ್ಡವರ ವಿನಯ ನೋಡಿ ಎಂದು ನಿರೂಪಕ ಮೈಕ್ ತೆಗೆದುಕೊಂಡ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮರುದಿನ ಕೊನೆಯ ಸಲ ಹಾಲು ಹಾಕಲು ಬಂದ ಹಾಲಿನಕ್ಕ ಅವರ ಗೇಟಿನಲ್ಲೇ ನಿಂತಳು. "ಅಸ ಮಾರ್ಬುಟ್ಟೆ ಸಾಮಿ. ಎಲ್ಲಿ ಮೇಯ್ಸಾನ? ಪಾರ್ಕ್ ಕೇಳಕ್ ಮುಂಚೆ ನಮ್ಮನ್ನೂ ಒಂದ್ ಮಾತ್ ಕೇಳ್ಬೋದಿತ್ತು ಕಣ್ ಸಾಮಿ" ಎಂದಳು. ಜೋರು ಮಾಡಲಿಲ್ಲ. ಹೆಡ್‌ಕ್ಲರ್ಕ್ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದರು. ಅವಳು ಹೋದ ಮೇಲೂ ಗೇಟು ಹಾಕಿಕೊಳ್ಳಲಿಲ್ಲ.

ಆ ವರ್ಷದ ಗಣೇಶನ ಹಬ್ಬಕ್ಕೂ ಬುಟ್ಟಿ ಹಿಡಿದು ಹೋದರು. ಕಾರಂಜಿಯ ಹಿಂದೆ, ಕಿತ್ತ ಬುಡದಿಂದ ಲಕ್ಕಿಯ ಒಂದು ಚಿಗುರು ಎದ್ದಿತ್ತಂತೆ. ಅದಕ್ಕೆ ಕೈಹಾಕಿದ್ದೇ ತಡ, ವಾಚ್‌ಮನ್ ಸೀಟಿ ಊದಿದ. "ಎಲೆ ಕೀಳಂಗಿಲ್ಲ ಸಾರ್, ಬೋರ್ಡ್ ನೋಡಿ." ಖಾಲಿ ಬುಟ್ಟಿ ಹಿಡಿದು ಬಂದವರು, ಬಾಗಿಲಲ್ಲಿ ಕಾಯುತ್ತಿದ್ದ ನಮ್ಮ ಮುಖ ನೋಡಲಿಲ್ಲ. ಪೂಜೆಯಲ್ಲಿ ಏನಾದರೂ ಇಲ್ಲದಿದ್ದರೆ ಅದರ ಬದಲು ಅಕ್ಷತೆಯ ನಾಲ್ಕು ಕಾಳು ಹಾಕುವುದು ವಾಡಿಕೆಯಲ್ಲವೇ? "ಅಕ್ಷತೆ ಹಾಕ್ಬಿಡಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಹಾವುಗಳು ಸ್ನಾನದ ಮನೆಗೆ ಬಂದವು. ಮಳೆ ನೀರು ಟೈಲ್ಸ್ ಮೇಲೆ ಜಾರಿ ಮೋರಿಗೆ ಹೋಯಿತು. ಬಾವಿ ವರ್ಷ ವರ್ಷಕ್ಕೆ ಇಳಿಯಿತು. ಬೆಳಿಗ್ಗೆ ಎದ್ದವರೇ ಹೆಡ್‌ಕ್ಲರ್ಕ್ ಬಾವಿಕಟ್ಟೆಗೆ ಹೊಟ್ಟೆ ಆನಿಸಿ ಬಗ್ಗಿ ನೋಡುತ್ತಿದ್ದರು. ತಳ ಕಂಡ ಬೇಸಿಗೆಯಲ್ಲೇ ಅವರು ಹೋದರು. ಸಕ್ಕರೆ ಕಾಯಿಲೆ ಎಂದರು ಮನೆಯವರು, ಇರಬಹುದು. ನನಗೆ ಮಾತ್ರ ಅವರ ಮೇಲೆ ಮರುಕದಷ್ಟೇ ಸಿಟ್ಟೂ ಇದೆ. ಕಾಡನ್ನು ಕಾಡು ಎಂದೇ ಉಳಿಸಿ ಅಂತ ಬರೆಯಲು ಅಷ್ಟು ವರ್ಷ ಅರ್ಜಿ ಬರೆದ ಕೈಗೆ ಏನಾಗಿತ್ತು? ಸಹಿ ಹಾಕಿದ ನಮಗಾದರೂ...

ಈ ಸಲದ ಹಬ್ಬದ ಬೆಳಿಗ್ಗೆ, ಮಾರುಕಟ್ಟೆಯಿಂದ ತಂದ ಆ ಬೇಲಿಯ ಎಲೆಗಳನ್ನು ಬದಿಗೆ ಸರಿಸಿ, ಪುಸ್ತಕ ನೋಡಿ ಒಂದೊಂದೇ ಹೆಸರು ಓದುತ್ತಾ ಕೂತೆ. ಬಿಲ್ವ, ಅಕ್ಷತೆ. ಬನ್ನಿ, ಅಕ್ಷತೆ. ಬೋರೆ, ಎಕ್ಕ, ಲಕ್ಕಿ, ಎಲ್ಲಕ್ಕೂ ಅಕ್ಷತೆ. ಲಕ್ಕಿಯ ಹೆಸರು ಬಂದಾಗ ಕಣ್ಣು ತುಂಬಿತು, ಹೊತ್ತು ಗೊತ್ತಿಲ್ಲದೆ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ನೀರಿನ ಟ್ಯಾಂಕರ್ ಹಾರನ್ ಹೊಡೆಯಿತು. ನೀರಿನ ಬದಲು ಅಕ್ಷತೆ ನಡೆಯುವುದಿಲ್ಲ. ಗಣೇಶನನ್ನು ಅರ್ಧ ಪೂಜೆಯಲ್ಲೇ ಬಿಟ್ಟು, ಬಿಂದಿಗೆ ಎತ್ತಿಕೊಂಡು ಓಡಿದೆ.