ಓವನ್ ಕೆಟ್ಟಿದೆ ಎಂದ ದಿನ

ನಾನು ಇಪ್ಪತ್ತು ವರ್ಷ ಕಲಿಸಿದ ಬಾಲವಾಡಿ ಮುಚ್ಚಿದ ಮೇಲೆ ಮನೆಯಲ್ಲಿ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ನನ್ನ ಗಂಡ ಮಾರ್ಕೆಟ್ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ನನ್ನ ಮುಖ ನೋಡಲಾರದೆ ಒಂದು ದಿನ ಸಣ್ಣ ಓವನ್ ತಂದು ಅಡುಗೆಕಟ್ಟೆಯ ಮೇಲಿಟ್ಟರು. ಮೊಬೈಲಿನಲ್ಲಿ ನೋಡಿ ನೋಡಿ ಕೇಕು ಮಾಡುವುದು ಕಲಿತೆ. ಬ್ರೆಡ್ಡು ಮಾತ್ರ ಒಲಿಯಲಿಲ್ಲ. ತಕ್ಕಡಿಯಲ್ಲಿ ತೂಗಿ, ಲೋಟದಲ್ಲಿ ಅಳೆದು, ಹೇಳಿದಷ್ಟೇ ಹೊತ್ತು ನಾದಿದರೂ ಇಟ್ಟಂಗಿಯಂಥದ್ದು ಹೊರಬರುತ್ತಿತ್ತು. ಅವರು ಚಹಾದಲ್ಲಿ ಅದ್ದಿ ಮಾತಿಲ್ಲದೆ ತಿನ್ನುತ್ತಿದ್ದರು.

ಅವಳು ಕೊಂಢವಾ ಬಡಾವಣೆಯ ನಮ್ಮ ಕಟ್ಟಡಕ್ಕೆ ಬಂದದ್ದು ಆ ಮಳೆಗಾಲದಲ್ಲಿ. ನೆಲಮಹಡಿಯ ಹಿಂದಿನ ಒಂದೇ ಕೋಣೆಯ ಮನೆ. ಗಂಡ ಸೆಂಟ್ರಿಂಗ್ ಕೆಲಸದವನು, ಎಂಟು ವರ್ಷದ ಒಬ್ಬಳು ಮಗಳು, ಊರು ಯಾದಗಿರಿ ಕಡೆಯದು. ನಾನು ಮೆಟ್ಟಿಲ ಮೇಲೆ ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿ ಮರುದಿನವೇ ಮೇಲೆ ಬಂದಳು. ನಾನು ಹಿಟ್ಟು ನಾದುತ್ತಿದ್ದೆ. ನಿಂತು ನೋಡಿದಳು, ಆಮೇಲೆ ಕೇಳದೆಯೇ ಒಂದು ಬೆರಳಿನಿಂದ ಹಿಟ್ಟನ್ನು ಒತ್ತಿದಳು.

"ಇದಕ್ಕ ಇನ್ನೂ ನೀರಡಕಿ ಅದ ಅಕ್ಕಾ," ಎಂದಳು.

ಹುಟ್ಟಿದಾಗಿನಿಂದ ರೊಟ್ಟಿ ಬಡಿದ ಕೈ. ಆ ಕೈ ಹೇಳಿದಷ್ಟು ನೀರು ಹಾಕಿದೆ. ಅಂದು ಮೊದಲ ಸಲ ನನ್ನ ಬ್ರೆಡ್ಡು ಉಬ್ಬಿತು.

ಅಲ್ಲಿಂದ ದಿನಾ ಬರತೊಡಗಿದಳು. ಓವನ್ನಿನ ಗುಂಡಿ ತಿರುಗಿಸುವುದು, ಕೇಕಿನ ಡಬ್ಬಿಗೆ ಕಾಗದ ಹಾಸುವುದು ನಾನು ಕಲಿಸಿದೆ. ಕೈಯ ವಿದ್ಯೆಯನ್ನೆಲ್ಲ ಅವಳೇ ತಂದಿದ್ದಳು. ಸಜ್ಜೆ ಹಿಟ್ಟು, ಬೆಲ್ಲ, ಎಳ್ಳು ಸೇರಿಸಿ ಅವಳೊಮ್ಮೆ ಬನ್ನು ಮಾಡಿದಳು. ನನ್ನ ಗಂಡ ಒಂದು ತಿಂದು ಇನ್ನೊಂದಕ್ಕೆ ಕೈ ಹಾಕಿ, "ಭಾಳ ಛಲೋ ಆಗ್ಯಾವ," ಎಂದರು. ಮದುವೆಯಾಗಿ ಇಪ್ಪತ್ತಾರು ವರ್ಷ. ಆ ಮಾತನ್ನು ನನ್ನ ಅಡುಗೆಗೆ ಅವರು ಎಂದಾದರೂ ಹೇಳಿದ್ದರೇ ಎಂದು ಅಂದು ಪಾತ್ರೆ ತೊಳೆಯುತ್ತ ನೆನಪು ಮಾಡಿಕೊಂಡೆ. ಹೇಳಿರಬಹುದು. ನೆನಪಾಗಲಿಲ್ಲ.

ಶನಿವಾರ ಕಟ್ಟಡದ ನಾಲ್ಕೈದು ಹೆಂಗಸರು ನಮ್ಮಲ್ಲಿ ಸೇರುತ್ತಿದ್ದರು. ಎಲ್ಲರೂ ಮರಾಠಿಯವರು. ನಾನು ಕಲಿಸುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಬಾಲವಾಡಿ ಮುಚ್ಚಿದಾಗ ಕಳೆದುಕೊಂಡದ್ದು ಆ ಎರಡು ಗಂಟೆ ನನಗೆ ಮರಳಿ ಸಿಗುತ್ತಿತ್ತು. ದೀಪಾವಳಿ ಹತ್ತಿರ ಬಂದಾಗ ಒಬ್ಬಾಕೆ ಬಾಗಿಲಲ್ಲೇ ನಿಂತು ಕೇಳಿದಳು: "ಖಾಲಚ್ಯಾ ತಾಈ ಯೇಣಾರ್ ನಾ?" ಕೆಳಗಿನ ಅಕ್ಕ ಬರುತ್ತಾರಲ್ಲ, ಎಂದು. ಬರುತ್ತಾಳೆ ಎಂದೆ. ಆಮೇಲಷ್ಟೇ ಆಕೆ ಒಳಗೆ ಬಂದಳು.

ಆ ಚಳಿಗಾಲದಲ್ಲಿ ಅವಳ ಗಂಡ ಕೆಲಸದ ಜಾಗದಲ್ಲಿ ಎರಡನೆಯ ಮಹಡಿಯಿಂದ ಬಿದ್ದ. ತೊಡೆಯ ಎಲುಬು ಮುರಿಯಿತು. ನಾಲ್ಕು ತಿಂಗಳು ಹಾಸಿಗೆ. ಅವಳು ಎರಡು ಮನೆಗಳಲ್ಲಿ ಅಡುಗೆಗೆ ಹೋಗತೊಡಗಿದಳು, ಮೇಲೆ ಬರುವುದು ಅಪರೂಪವಾಯಿತು. ಆದರೂ ಶನಿವಾರದ ಹೆಂಗಸರು ಅವಳನ್ನೇ ಕೇಳುತ್ತಿದ್ದರು. ಪಾಪ, ಹೇಗಿದ್ದಾಳೆ ಎಂದು ಅವರು ಕೇಳಿದರೂ ನನಗೆ ಚುಚ್ಚುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಫೆಬ್ರುವರಿಯಲ್ಲಿ ಒಂದು ದಿನ ಬೆಳಿಗ್ಗೆ ಬಂದಳು. ಮಗಳಿಗೆ ಅಂದು ಒಂಬತ್ತು ತುಂಬುತ್ತಿತ್ತು. ಹೊಸ ಫ್ರಾಕು ಈ ಸಲ ಇಲ್ಲವೆಂದು ಮಗುವಿಗೆ ಹೇಳಿಯಾಗಿತ್ತಂತೆ. ಕೇಕು ಮಾತ್ರ ಇದೆ, ಗೆಳತಿಯರನ್ನು ಕರಿ ಎಂದಿದ್ದಳಂತೆ. ಮಧ್ಯಾಹ್ನ ಒಂದು ತಾಸು ಓವನ್ ಬೇಕಾಗಿತ್ತು.

"ಓವನ್ ಕೆಟ್ಟದವಾ," ಎಂದೆ. "ಕಾಯಿಲ್ ಸುಟ್ಟದ."

ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂತು. ಬಂದ ಮೇಲೆ ನಾನು ಅದನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಅವಳು ನನ್ನನ್ನೇ ಸಮಾಧಾನ ಮಾಡಿದಳು. ರಿಪೇರಿಯವನು ಗೊತ್ತಿದ್ದಾನೆ, ಕಳಿಸಲೇ ಎಂದು ಕೇಳಿದಳು. ಬೇಡ ಎಂದೆ.

ಸಂಜೆ ಐದಕ್ಕೆ ನಾನು ಓವನ್ನಿನಲ್ಲಿ ನಾನಖಟಾಯಿ ಇಟ್ಟೆ. ಯಾಕೆ ಅಂದೇ ಇಟ್ಟೆ, ನನಗೆ ಇಂದಿಗೂ ಗೊತ್ತಿಲ್ಲ. ಕೆಳಗೆ ಮಕ್ಕಳು ಸೇರಿದ್ದಾರೆ, ಅವಳು ಮೇಲೆ ಬರುವುದಿಲ್ಲ ಎಂದುಕೊಂಡಿದ್ದೆ. ಬಾಗಿಲು ತೆರೆದೇ ಇತ್ತು. ಅವಳು ತಟ್ಟೆ ಹಿಡಿದು ಎಂದಿನಂತೆ ನೇರ ಅಡುಗೆಮನೆಗೆ ಬಂದಳು. ತಟ್ಟೆಯಲ್ಲಿ ಒಂದು ತುಂಡು ಕೇಕು. ಕುಕ್ಕರಿನಲ್ಲಿ ಉಪ್ಪು ಹಾಸಿ ಬೇಯಿಸಿದ್ದಳು. ತಳ ಸೀದು ಕಪ್ಪಾಗಿತ್ತು, ನಡುವೆ ಕುಸಿದು ಹಸಿಯಾಗಿತ್ತು. ಮೊದಲ ತುಂಡನ್ನು ನನಗೇ ತಂದಿದ್ದಳು.

ಓವನ್ನಿನ ಒಳಗೆ ದೀಪ ಉರಿಯುತ್ತಿತ್ತು. ಮನೆಯೆಲ್ಲ ತುಪ್ಪ, ಏಲಕ್ಕಿಯ ವಾಸನೆ. ಅವಳು ಆ ದೀಪವನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಸಂಜೆ ರಿಪೇರಿಯಾಯಿತು ಎನ್ನಬಹುದಿತ್ತು, ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಅವಳು ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು.

"ತಿನ್ರಿ ಅಕ್ಕಾರ," ಎಂದು ಹೇಳಿ ಹೋದಳು.

ಅಂದಿನವರೆಗೆ ನಾನು ಅವಳಿಗೆ ಅಕ್ಕ, ನೀನು. ಆ ದಿನದಿಂದ ಅಕ್ಕಾರ, ನೀವು. ಮೆಟ್ಟಿಲ ಮೇಲೆ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದಳು. ಊಟ ಆತ್ರಿ ಎಂದು ಕೇಳುತ್ತಿದ್ದಳು. ಜಗಳವಾಡಿದ್ದರೆ ನಾನು ಕೂಗಿ, ಅತ್ತು, ಕಾಲು ಹಿಡಿದಾದರೂ ಸರಿಮಾಡಿಕೊಳ್ಳುತ್ತಿದ್ದೆನೇನೋ. ಅವಳು ಅದಕ್ಕೆ ಎಡೆಯನ್ನೇ ಕೊಡಲಿಲ್ಲ. ಕೇಕಿನ ತುಂಡನ್ನು ನಾನು ತಿನ್ನಲೂ ಇಲ್ಲ, ಎಸೆಯಲೂ ಇಲ್ಲ. ಮೂರನೆಯ ದಿನ ಬೂಷ್ಟು ಬಂತು. ಆಮೇಲೆ ಎಸೆದೆ.

ಬೇಸಿಗೆಯಲ್ಲಿ ಅವಳ ಗಂಡನಿಗೆ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಕಾವಲಿನ ಕೆಲಸ ಸಿಕ್ಕಿತು. ಕುಂಟುತ್ತಲೇ ಸಾಮಾನು ಹೊರಿಸಿದ. ನಾನು ಚಪಾತಿ, ಪಲ್ಯ ಕಟ್ಟಿಕೊಂಡು ಇಳಿದೆ. ಅವಳು ಎರಡೂ ಕೈಯಿಂದ ತೆಗೆದುಕೊಂಡಳು. ಯಾಕ ತ್ರಾಸ ತಗೊಂಡ್ರಿ ಎಂದಳು. ಟೆಂಪೊ ಹೊರಟಿತು.

ಒಂದೂವರೆ ವರ್ಷದ ನಂತರ ಸಂಬಂಧಿಕರ ಗೃಹಪ್ರವೇಶಕ್ಕೆ ತಳೇಗಾಂವಕ್ಕೆ ಹೋಗಿದ್ದೆ. ವಿಚಾರಿಸಿಕೊಂಡು ಅವಳ ಮನೆಗೆ ನಡೆದೆ. ತಗಡು ಹೊದಿಸಿದ ಪತ್ರಾಸಿನ ಚಾಳದ ಸಾಲಿನಲ್ಲಿ ಕೊನೆಯ ಮನೆ. ಕುಳ್ಳಿರಿಸಿ ಚಹಾ ಕೊಟ್ಟಳು. ಮಗಳು ಶಾಲೆಗೆ ಹೋಗಿದ್ದಳು, ಗಂಡ ಡ್ಯೂಟಿಗೆ. ಈಗ ಏನಾದರೂ ಮಾಡುತ್ತೀಯಾ ಎಂದು ಕೇಳಿದೆ. ಬನ್ನು, ಬ್ರೆಡ್ಡು ಎಲ್ಲ ಬಿಟ್ಟೇ ಹೋಯಿತು, ಹೊತ್ತೂ ಇಲ್ಲ, ಮನಸ್ಸೂ ಇಲ್ಲ ಎಂದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ತೆಗೆದೆ. ಆ ದಿನ ಓವನ್, ಎಂದು ಶುರುಮಾಡಿದೆ.

ಅವಳು ನನ್ನ ಚಹಾದ ಬಸಿಯನ್ನು ತೆಗೆದು ಪಕ್ಕಕ್ಕಿಟ್ಟಳು.

"ಓವನ್ ನಿಮ್ಮದು. ಕೊಡೂದು ಬಿಡೂದು ನಿಮ್ಮ ಮನಸ್ಸರಿ. ಇವತ್ತ ಬ್ಯಾಡ ಅಂದಿದ್ರ ನಾ ಸುಮ್ನ ಹೋಗತಿದ್ದೆ. ಮತ್ತ ಮರುದಿನ ಬರತಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನದು ತಪ್ಪಾಯಿತು ಎಂದೆ. ಆತ್ರಿ, ಬಿಡ್ರಿ, ಎಂದಳು. ನಾನು ಒಯ್ದಿದ್ದ ಹಣ್ಣುಗಳನ್ನು ಒಳಗಿಟ್ಟು, ಬರಿಗೈಲಿ ಕಳಿಸಬಾರದೆಂದು ಒಂದು ರವಿಕೆ ಖಣ ತಂದು ಕುಂಕುಮ ಹಚ್ಚಿದಳು. ಬಸ್ ಸ್ಟಾಪಿನವರೆಗೂ ಬಂದು ನನ್ನನ್ನು ಹತ್ತಿಸಿದಳು.

ಮನೆಗೆ ಬಂದು ನನ್ನ ಗಂಡನಿಗೆ ಮೊದಲ ಸಲ ಎಲ್ಲ ಹೇಳಿದೆ. ತಮಗೆ ಅಂದೇ ಗೊತ್ತಿತ್ತು ಎಂದರು. ಆ ಸಂಜೆ ಕೆಲಸದಿಂದ ಬರುತ್ತ ಇವರು ಕೆಳಗೆ, ಹಾಸಿಗೆಯಲ್ಲಿದ್ದ ಅವಳ ಗಂಡನನ್ನು ಮಾತಾಡಿಸಲು ಹೋದಾಗ, ಓವನ್ ರಿಪೇರಿಯಾಯಿತೇ ಎಂದು ಅವನು ಕೇಳಿದ್ದನಂತೆ. ಏನು ಹೇಳಿದಿರಿ ಎಂದೆ. ಇನ್ನೂ ಇಲ್ಲ ಎಂದು ಹೇಳಿದ್ದರಂತೆ. ನನ್ನ ಮಾನ ಉಳಿಸಲು ಅವರೂ ಒಂದು ಸುಳ್ಳು ಹೇಳಿ, ಅದನ್ನು ಅಷ್ಟು ದಿನ ಒಬ್ಬರೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಹಬ್ಬಕ್ಕೆ ಫೋನು ಮಾಡುತ್ತೇನೆ. ಎತ್ತುತ್ತಾಳೆ. ಆರಾಮ ಅದೀವ್ರಿ ಎನ್ನುತ್ತಾಳೆ, ನಮ್ಮವರನ್ನು ಕೇಳುತ್ತಾಳೆ. ಕೊಂಢವಾಕ್ಕೆ ಒಮ್ಮೆ ಬಾ ಎನ್ನುತ್ತೇನೆ. ಬರತೀನ್ರಿ ಎನ್ನುತ್ತಾಳೆ. ಇನ್ನೂ ಬಂದಿಲ್ಲ.