ಮೂಲೆಯ ಕಂಪ್ಯೂಟರಿನಲ್ಲಿ ನಾನು ತೆರೆದಿಟ್ಟು ಬಂದದ್ದು

ಮಂಜುಳಾ, ನೀನು ಅಂತರಸಂತೆಯಲ್ಲಿ ಅಡಗಿದ್ದೀಯ ಎಂಬುದು ನಿನ್ನ ಗಂಡನಿಗೆ ತಿಳಿದದ್ದು ನನ್ನಿಂದ. ಸುಶೀಲಮ್ಮನಿಂದ ಅಲ್ಲ. ಅವರು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರು ಎಂದು ನಿನಗೆ ಹೇಳಿದವಳು ನಾನು — ಸುಳ್ಳೆಂದು ಗೊತ್ತಿದ್ದೂ, ನಿನ್ನ ಮುಖವನ್ನೇ ನೋಡುತ್ತಾ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ನಡುವಿನಿಂದ ಶುರುಮಾಡಿದರೆ ಎಲ್ಲೋ ಒಂದು ಕಡೆ ನನಗೆ ಅನುಕೂಲವಾಗುವ ಹಾಗೆ ತಿರುಗಿಸಿಬಿಡುತ್ತೇನೆ, ಆ ಭಯ ನನಗಿದೆ.

ಪಿರಿಯಾಪಟ್ಟಣದ ಗಂಡನ ಮನೆಯಿಂದ ನೀನು ಉಟ್ಟ ಸೀರೆಯಲ್ಲೇ ಓಡಿಬಂದಾಗ ಕುತ್ತಿಗೆಯ ಮೇಲೆ ಅವನ ಬೆರಳಿನ ಗುರುತಿತ್ತು. ಹುಣಸೂರಿನ ನಮ್ಮ ಮನೆಯಲ್ಲಿ ನಿನ್ನನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಚಿಕ್ಕಪ್ಪನ ಮಗಳು ಅಕ್ಕನ ಮನೆಗಲ್ಲದೆ ಇನ್ನೆಲ್ಲಿಗೆ ಹೋಗುತ್ತಾಳೆ ಎಂದು ಅವನು ಮೊದಲು ಹುಡುಕುವುದೇ ಅಲ್ಲಿ. ಆಗ ನೆನಪಾದವರು ಸುಶೀಲಮ್ಮ — ಚಿಕ್ಕಮ್ಮನಿಗೆ ಹೆರಿಗೆ ಮಾಡಿಸಿ, ನಿನ್ನನ್ನು ಈ ಲೋಕಕ್ಕೆ ಮೊದಲು ಎತ್ತಿಕೊಂಡ ನರ್ಸು. ನಿವೃತ್ತರಾಗಿ ಅಂತರಸಂತೆಯಲ್ಲಿ ಒಬ್ಬರೇ ಇದ್ದರು. ನಿನ್ನ ಗಂಡನ ಕಡೆಯವರಿಗೆ ಅವರ ಹೆಸರೂ ಗೊತ್ತಿರಲಿಲ್ಲ. ನಾನು ಫೋನಿನಲ್ಲಿ ಪೂರ್ತಿ ಹೇಳಿ ಮುಗಿಸುವ ಮುಂಚೆಯೇ ಅವರು, "ಕಳ್ಸು ಮಗ, ಮಿಕ್ಕಿದ್ದು ಆಮ್ಯಾಕೆ ಮಾತಾಡನ" ಎಂದಿದ್ದರು.

ಮೊಬೈಲು ಆಗಿನ್ನೂ ಊರಿಗೆ ಒಬ್ಬಿಬ್ಬರ ಕೈಯಲ್ಲಿತ್ತು. ನಮ್ಮ ಮನೆಯ ಫೋನು ಹೊಡೆದುಕೊಂಡರೆ ನಿನ್ನನ್ನು ಹುಡುಕಿಕೊಂಡು ಬಂದು ನಡುಮನೆಯಲ್ಲಿ ಕೂತಿರುತ್ತಿದ್ದ ನಿನ್ನ ಗಂಡನೇ ಎತ್ತುತ್ತಿದ್ದ. ಮನೆಗೆ ಬರಬೇಡಿ ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಇಮೇಲ್. ನಿನ್ನ ಮದುವೆಗೆ ಮುಂಚೆ ನಾವಿಬ್ಬರೂ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಆಟಕ್ಕೆಂದು ಮಾಡಿಕೊಂಡ ಅಕೌಂಟುಗಳು ಹೀಗೆ ಕೆಲಸಕ್ಕೆ ಬಂದವು. ನೀನು ಹತ್ತಿರದ ಪೇಟೆಯಾದ ಕೋಟೆಗೆ ಬಂದು ಬರೆಯುತ್ತಿದ್ದೆ. ನಾನು ನರ್ಸರಿ ಶಾಲೆಯ ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ಓದುತ್ತಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ನಿನ್ನ ಕನ್ನಡ. ಹೊರಡುವ ದಿನ ನೀನು ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಅಕ್ಕ, ಓದಾದ್ಮೇಲೆ ಸೈನ್ ಔಟ್ ಮಾಡಿ ಎದ್ದೇಳು. ಮರೀಬೇಡ ಕಣಕ್ಕ."

ನಾನು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು ಅನಿಸುತ್ತದೆ — ಮರೆವನ್ನಾದರೂ ಕ್ಷಮಿಸಬಹುದು. ನನ್ನದು ಸೋಮಾರಿತನ. ಆ ಕೆಫೆಯಲ್ಲಿ ಪುಟ ತೆರೆಯುವುದೇ ಒಂದು ತಪಸ್ಸು. ಪಾಸ್‌ವರ್ಡಿನಲ್ಲಿ ಒಂದು ಅಕ್ಷರ ತಪ್ಪಿದರೆ ಮತ್ತೆ ಮೊದಲಿನಿಂದ. ಒಂದು ದಿನ ಬೇಸತ್ತು, ಈ ಕಂಪ್ಯೂಟರಿನಲ್ಲಿ ನನ್ನನ್ನು ನೆನಪಿಟ್ಟುಕೋ ಎನ್ನುವ ಚೌಕಕ್ಕೆ ಗುರುತು ಹಾಕಿಬಿಟ್ಟೆ. ಅಲ್ಲಿಂದಾಚೆ ಮೂಲೆಯ ಆ ಕಂಪ್ಯೂಟರಿನಲ್ಲಿ ನನ್ನ ಪತ್ರಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಎಷ್ಟು ಸಲೀಸು ಎಂದುಕೊಂಡೆ. ನನಗೆ ಸಲೀಸಾದದ್ದು ಅಲ್ಲಿ ಕೂತ ಯಾರಿಗಾದರೂ ಸಲೀಸು ಎಂಬುದು — ಹೊಳೆಯಲಿಲ್ಲ ಎನ್ನಲಾರೆ. ಹೊಳೆದಿತ್ತು. ನಮ್ಮಂಥವರದ್ದನ್ನು ಯಾರು ನೋಡುತ್ತಾರೆ ಎಂದು ತಳ್ಳಿಹಾಕಿದೆ.

ನಿನ್ನ ಗಂಡ ನನ್ನ ಹಿಂದೆ ಬರುತ್ತಿದ್ದ. ನಾನು ಯಾವ ಕುರ್ಚಿಯಲ್ಲಿ ಕೂರುತ್ತೇನೆ ಎಂಬುದನ್ನೂ ನೋಡಿಕೊಂಡಿದ್ದ.

ಆ ಮಧ್ಯಾಹ್ನ ಕೆಫೆಯ ಬಾಗಿಲು ತಳ್ಳಿ ಒಳಗೆ ಹೋದರೆ ಮೂಲೆಯ ಕುರ್ಚಿಯಲ್ಲಿ ಅವನು. ಪರದೆಯ ಮೇಲೆ ನಿನ್ನ ಹೆಸರು, ಸಾಲಾಗಿ, ಮೇಲಿಂದ ಕೆಳಗೆ. ಅವನು ಗದರಲಿಲ್ಲ. ಮನೆಗೆ ಬಂದ ನೆಂಟರನ್ನು ಮಾತಾಡಿಸುವ ಹಾಗೆ ತಿರುಗಿ, "ಬನ್ನಿ ಅತ್ಗೆ. ಅಂತರಸಂತೇಲಿ ಚಳಿ ಜಾಸ್ತಿಯಂತೆ ಕಣ್ರೀ. ಆ ನರ್ಸಮ್ಮ ಸ್ವೆಟರ್ ಕೊಟ್ಟವ್ಳಂತೆ" ಎಂದ. ಎದ್ದು ನನ್ನ ಪಕ್ಕದಲ್ಲೇ ದಾಟುವಾಗ ಸಣ್ಣ ದನಿಯಲ್ಲಿ, "ಮಗ್ಳು ಸ್ಕೂಲಿಂದ ಬರೋ ಹೊತ್ತಾಯ್ತಲ್ವಾ?" ಎಂದು ಕೇಳಿದ. ಅಷ್ಟೇ. ಹೊರಗೆ ಅವನ ಬೈಕು ಶುರುವಾದ ಸದ್ದು ಕೇಳಿಸಿತು.

ಎದುರಿಗೇ ಎಸ್‌ಟಿಡಿ ಬೂತಿತ್ತು. ನಾನು ಅದರತ್ತ ಓಡಲಿಲ್ಲ, ಮಗಳ ಶಾಲೆಯತ್ತ ಓಡಿದೆ. ಅವಳನ್ನು ಮನೆಗೆ ಎಳೆದು ತಂದು, ಕಿಟಕಿಗಳನ್ನೆಲ್ಲ ಹಾಕಿ, ಚಿಲಕ ಭದ್ರ ಮಾಡಿ — ಆಮೇಲೆ ಸುಶೀಲಮ್ಮನಿಗೆ ಫೋನು. "ಅವನು ಬರ್ತಾ ಇದಾನೆ, ಮಂಜುಳನ್ನ ಎಲ್ಲಾದ್ರೂ ಕಳಿಸ್ಬಿಡಿ" ಎಂದಷ್ಟೇ ಹೇಳಿದೆ. ಅವನಿಗೆ ಹೇಗೆ ತಿಳಿಯಿತೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮುಂದಿನದು ನಿನಗೆ ಗೊತ್ತು. ಹಿತ್ತಿಲಿಂದ ನೀನು ಪಕ್ಕದವರ ಕೊಟ್ಟಿಗೆಗೆ ನುಗ್ಗಿ ಹುಲ್ಲಿನ ಹಿಂದೆ ಕೂತಿದ್ದು, ಅವನು ಬಂದದ್ದು, ಸುಶೀಲಮ್ಮ ಬಾಗಿಲಿಗೆ ಅಡ್ಡ ನಿಂತದ್ದು. ಅವನು ಅವರನ್ನು ಎತ್ತಿ ಜಗುಲಿಯಿಂದ ಕೆಳಕ್ಕೆ ನೂಕಿದ. ಅವರ ಕೂಗಿಗೆ ಕೇರಿಯವರು ಸೇರಿ ಅವನನ್ನು ಹಿಡಿದುಹಾಕಿದರು. ಮುರಿದ ಅವರ ಬಲಗೈ ಮತ್ತೆ ಸರಿಯಾಗಿ ಕೂಡಿಕೊಳ್ಳಲೇ ಇಲ್ಲ.

ಅದಾದ ಮೇಲೆ ನೀನು ಸೇರಿಕೊಂಡ ಮೈಸೂರಿನ ಹಾಸ್ಟೆಲಿಗೆ ನಿನ್ನನ್ನು ನೋಡಲು ಬಂದಾಗ ನೀನು ಕೇಳಿದೆ: "ಅಕ್ಕ, ಅವನಿಗೆ ಯಾರು ಹೇಳಿದ್ದು?" ದಾರಿಯುದ್ದಕ್ಕೂ ನಾನು ಹೆದರಿದ್ದು ಇದೊಂದು ಪ್ರಶ್ನೆಗೇ. ನಿಜ ನಾಲಿಗೆಯ ಮೇಲೇ ಇತ್ತು. ಹೇಳಿದರೆ ನೀನು ನನ್ನನ್ನು ನೋಡುವ ನೋಟ — ಅದನ್ನು ಊಹಿಸಿಕೊಂಡೆ. "ಸುಶೀಲಮ್ಮನೇ ಯಾರ ಹತ್ರಾನೋ ಬಾಯಿ ಬಿಟ್ಟಿರ್ಬೇಕು ಕಣೇ. ವಯಸ್ಸಾಯ್ತಲ್ಲ" ಎಂದೆ.

ನೀನು ಗೋಡೆಯ ಕಡೆ ತಿರುಗಿಕೊಂಡೆ. ಮತ್ತೆ ಅವರ ಹೆಸರೆತ್ತಲಿಲ್ಲ.

ಅವನ ಮೇಲಿನ ಕೇಸು ನಡೆಯುವಾಗ ಪ್ರತಿ ಸಲವೂ ಕೋರ್ಟಿನ ಬೆಂಚಿನಲ್ಲಿ ಕೂತು ಅವನ ಬಾಯನ್ನೇ ನೋಡುತ್ತಿದ್ದೆ. ಇವತ್ತು ಅವನು ಹೇಳಿಬಿಡುತ್ತಾನೆ, ಇವತ್ತು ಹೇಳಿಬಿಡುತ್ತಾನೆ. ಅವನು ಹೇಳಲಿಲ್ಲ. ನನ್ನತ್ತ ನೋಡಿ ಸುಮ್ಮನೆ ನಗುತ್ತಿದ್ದ. ಹಾಗೆ ಅವನೂ ನಾನೂ ಒಂದೇ ಗುಟ್ಟಿನ ಪಾಲುದಾರರಾಗಿ ಉಳಿದೆವು. ಇದನ್ನು ಬರೆಯಲು ನನಗೆ ಅಸಹ್ಯವಾಗುತ್ತಿದೆ, ಆದರೂ ಬರೆಯುತ್ತೇನೆ. ಅವನು ಸತ್ತ ಸುದ್ದಿ ಬಂದಾಗ ನಿನ್ನ ಭಯ ಮುಗಿಯಿತು. ನನ್ನದು ಮುಗಿಯಲಿಲ್ಲ. ಈಗಲೂ ಫೋನಿಗೆ, ಯಾರೋ ನಿಮ್ಮ ಖಾತೆಗೆ ಬರಲು ಪ್ರಯತ್ನಿಸಿದ್ದಾರೆ ಎಂಬ ಸಂದೇಶ ಬಂದರೆ ನಾನು ಮೊದಲು ತಿರುಗಿ ನೋಡುವುದು ಬಾಗಿಲಿನ ಕಡೆಗೆ.

ಹೋದ ವಾರ ಅಂತರಸಂತೆಗೆ ಹೋಗಿದ್ದೆ. ಸುಶೀಲಮ್ಮ ಹಾಸಿಗೆ ಹಿಡಿದಿದ್ದಾರೆಂದು ಯಾರೋ ಹೇಳಿದ್ದರು. ನನ್ನ ದನಿ ಕೇಳಿದ ಕೂಡಲೇ ಎಂದಿನಂತೆ, "ಮಂಜುಳ ಎಂಗವ್ಳೆ?" ಎಂದರು. ಅದೇನಾಯಿತೋ, ಮಂಚದ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ — ಕಂಪ್ಯೂಟರು, ಆ ಚೌಕ, ಹಾಸ್ಟೆಲಿನಲ್ಲಿ ಆಡಿದ ಮಾತು. ಅವರಿಗೆ ಕಂಪ್ಯೂಟರಿನ ಸಂಗತಿ ಎಷ್ಟು ಅರ್ಥವಾಯಿತೋ ತಿಳಿಯದು. ಹಾಸ್ಟೆಲಿನ ಮಾತು ಅರ್ಥವಾಯಿತು.

ಎಡಗೈಯಿಂದ ಹೊದಿಕೆ ಸರಿಮಾಡಿಕೊಂಡರು. ಆಮೇಲೆ, "ಹಾಲು ತಂದ್ಕೊಡೋ ಪುಟ್ಟಮ್ಮನ ಹತ್ರ ಒಂದಿನ, ಮನೇಲಿ ನೆಂಟ್ರ ಮಗ್ಳು ಅವ್ಳೆ ಅಂದಿದ್ದೆ. ಅದೇ ಇರ್ಬೇಕು ಅಂದ್ಕಂಡು ಅವ್ಳ ಹತ್ರ ಮಾತು ಬುಟ್ಟೆ. ಅವ್ಳು ಸತ್ತಾಗ್ಲೂ ನೋಡಕ್ಕೆ ಓಗ್ನಿಲ್ಲ ಕಣವ್ವ" ಎಂದರು.

ನಾನು ಮುಚ್ಚಿಟ್ಟ ತಪ್ಪು ಇನ್ನೊಬ್ಬರ ಮನೆಯ ಬಾಗಿಲಿಗೂ ಹೋಗಿತ್ತು.

ಅವರು ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಹೊರಡುವಾಗ, "ಅವ್ಳಿಗೆ ನಿಜ ಏಳು. ನಾನಿರೋವಾಗ್ಲೇ ಏಳು" ಎಂದರು.

ಹೇಳಿದ್ದೇನೆ. ನಿನ್ನ ಸಿಟ್ಟಿಗೆ ನಾನಿಲ್ಲೇ ಇರುತ್ತೇನೆ, ಅದು ಎಷ್ಟು ವರ್ಷದ್ದಾದರೂ ಸರಿ. ಆದರೆ ನೀನು ಮೊದಲು ನನ್ನ ಹತ್ತಿರ ಬರಬೇಡ. ಅಂತರಸಂತೆಗೆ ಹೋಗು, ಇವತ್ತೇ ಹೋಗು ಮಂಜುಳಾ. ಅವರಿಗೆ ಈಗ ಕಣ್ಣು ಮಂಜು. ನಿನ್ನ ಹೆಸರು ನೀನೇ ಹೇಳಬೇಕಾಗುತ್ತದೆ.