ಯಲ್ಲಾರಿ ಮೇಲೆತ್ತಿದ ಫುಟ್‌ವಾಲ್

“ಬಾವಿ ಒಳಗ ಇಳದ ಮ್ಯಾಲ ನಾ ಮಾತಾಡಂಗಿಲ್ರಿ ಆಯಿ. ಆಡಿದ ಮಾತು ಸುತ್ತ ಹಾಕಿ ನಮ್ಮ ಕಿವಿಗೇ ಬರತೈತಿ, ಯಾರೋ ಅಣಕಿಸಿದಂಗ. ಸುಮ್ಮನ ಪೈಪಿಗೆ ಕೈ ಹಚ್ಚತೇನಿ. ನೀರ ಏರಾಕತ್ತಿದ್ರ ತಣ್ಣಗ ನಡಗತೈತಿ, ಗಾಳಿ ಹೊಕ್ಕಿದ್ರ ಕೆಮ್ಮತೈತಿ. ನಮ್ಮಪ್ಪ ಮಟ್ಟಿ ಹೊಲೀತಿದ್ದ, ಎತ್ತು ನೀರ ಎಳಿಯೋ ತೊಗಲಿನ ಚೀಲ. ಊರ ಬಾವಿಗೆಲ್ಲಾ ಅವನ ಮಟ್ಟಿ ಇಳೀತಿತ್ತು, ಅವನ್ನ ಮಾತ್ರ ಬಾವಿ ಕಟ್ಟಿ ಹತ್ತಾಕ ಬಿಡತಿರಲಿಲ್ಲ. ನಾ ತಳಾನ ಮುಟ್ಟಿ ಬರತೇನಿ. ಇವತ್ತ ಇಂಥವರ ಬಾವ್ಯಾಗ ಸೆಲಿ ಎಲ್ಲೈತಿ ನೋಡಿ ಬಂದೆ ಅಂತ ಹೇಳಿದ್ರ, ಮುದುಕ ಕಣ್ಣ ಮುಚ್ಚಿ ಕೇಳತಿದ್ದ.”

ಕೊಣ್ಣೂರಿನಲ್ಲಿ ಪಂಪು ಇಳಿಸುವ, ತೆಗೆಯುವ ಯಲ್ಲಾರಿ ಇದನ್ನು ಹೇಳಿದ್ದು ಸುಂದರಾಬಾಯಿಯ ಹಿತ್ತಲಲ್ಲಿ, ಚಹಾ ಆರುವಷ್ಟು ಹೊತ್ತು. ಸುಂದರಾಬಾಯಿ ಜೈನರ ಮನೆಯ ಹಿರಿಯಳು. ಮಗ ಜಿನೇಂದ್ರ ಬಾವಿಗೆ ಮೋಟಾರು ಕೂಡಿಸಿ ವರ್ಷಗಳಾಗಿದ್ದರೂ ಆ ನೀರನ್ನು ಅವಳು ಬಾಯಿಗೆ ಹಾಕಿರಲಿಲ್ಲ. ಅದು ಎಳೆಯುವ ರಭಸಕ್ಕೆ ನೀರೊಳಗಿನ ಜೀವಗಳ ಗತಿಯೇನು ಎಂಬ ಚಿಂತೆ. ತಾನು ಕುಡಿಯುವಷ್ಟನ್ನು ಹಗ್ಗ ಬಿಟ್ಟು ಸೇದುತ್ತಿದ್ದಳು. ಈಗ ರಟ್ಟೆ ಸೋತಿತ್ತು. ಸೊಸೆ ಆರತಿ ಸೇದಿಕೊಡುತ್ತೇನೆಂದರೆ, ನನ್ನ ನೇಮದ ಭಾರ ನಿನ್ನ ಹೆಗಲಿಗೇಕೆ ಎಂದು ಒಲ್ಲೆನ್ನುತ್ತಿದ್ದಳು. ಅಷ್ಟರಲ್ಲಿ ಪಂಪೂ ನೀರೆಳೆಯದಾಗಿ ಯಲ್ಲಾರಿಗೆ ಕರೆ ಹೋಗಿತ್ತು.

ಪೈಪಿನ ತುದಿಯಲ್ಲಿ ನೀರೊಳಗೆ ಮುಳುಗಿರುವ ತೂತುತೂತಿನ ಕಬ್ಬಿಣದ ಬುರುಡೆಯೇ ಫುಟ್‌ವಾಲ್. ಮೇಲೆ ಬಂದೊಡನೆ ಅದನ್ನು ಕಲ್ಲಿಗೆ ಕುಕ್ಕಿ ಕೆಸರು ಕೊಡವುವುದು ಯಲ್ಲಾರಿಯ ರೂಢಿ. ಸುಂದರಾಬಾಯಿ ಮೊದಲೇ ತಡೆದಳು.

“ಕುಕ್ಕಬ್ಯಾಡಪಾ. ಏನೇನು ಸತ್ತಾವು, ನನ್ನ ಕಣ್ಣಿಗೆ ಬೀಳಲಿ.”

“ಏನ ಅವ್ವಾ, ಪಂಚನಾಮಿ ಮಾಡತಿ?” ಎಂದು ಜಿನೇಂದ್ರ ನಕ್ಕ.

ಯಲ್ಲಾರಿ ಬಾವಿಗಿಳಿದು ಪಾನಾ ಹಾಕಿ ಪೈಪು ಸಡಿಲಿಸಿದ. ಜಿನೇಂದ್ರ ಹಗ್ಗ ಎಳೆದ. ಮೇಲೆ ಬಂದ ಬುರುಡೆಯನ್ನು ಅದೇ ಬಾವಿಯ ನೀರು ತುಂಬಿದ ಬಿಳಿ ಬೋಗುಣಿಯಲ್ಲಿ ಮೆಲ್ಲಗೆ ಇಟ್ಟರು.

ಮುದ್ದೆಯಾಗಿದ್ದ ಪಾಚಿ ನೀರಿನಲ್ಲಿ ಗಡ್ಡದಂತೆ ಬಿಚ್ಚಿಕೊಂಡಿತು. ಎಳ್ಳಿನಷ್ಟು ಬಸವನಹುಳುಗಳು ಒಂದೊಂದಾಗಿ ಕೊಂಬು ಚಾಚಿದವು. ಗಾಜಿನಂಥ ಸೀಗಡಿಯೊಂದು, ಹೊಟ್ಟೆಯಡಿ ತತ್ತಿ ಅಂಟಿಸಿಕೊಂಡು, ತೂತಿನ ಬಾಯಲ್ಲೇ ನಿಂತು ಮೀಸೆ ಆಡಿಸುತ್ತಿತ್ತು. ಸುಂದರಾಬಾಯಿಯ ಕೈಗಳು ತಾವಾಗಿ ಮುಗಿದವು. ಬೋಗುಣಿಗೆ ಬಾಗಿ ಅಂದಳು, “ನುಂಗೋ ಬಾಯಾಗ ಬಾಳೇವು ಮಾಡ್ಯಾವಲ್ಲೋ ಯಲ್ಲಾರಿ.”

ಯಲ್ಲಾರಿಯೂ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದ. ಇಷ್ಟು ವರ್ಷ ಕಲ್ಲಿಗೆ ಕುಕ್ಕಿದವನು ಒಮ್ಮೆಯೂ ಹೀಗೆ ನೋಡಿರಲಿಲ್ಲ. “ತೂತು ಕಟ್ಟಿದ್ದು ಇವುಗಳಿಂದನ ಆಯಿ,” ಎಂದ ತಗ್ಗಿದ ದನಿಯಲ್ಲಿ. “ಕೆರದ್ರ ನೀರು, ಬಿಟ್ರ ಇವು.”

ಕೆರೆಯುವುದು ಬೇಡವೆಂದಳು. ಹೊಸ ಫುಟ್‌ವಾಲ್ ತಂದು ಹಾಕುವುದು, ಹಳೆಯದನ್ನು ಅದರ ಸಂಸಾರದ ಸಮೇತ ಬಾವಿಗೇ ಮುಟ್ಟಿಸುವುದು ಎಂದಾಯಿತು. ಆ ಮನೆಯವರು ನೀರು ಸೋಸಿದ ಅರಿವೆಯಲ್ಲಿ ಉಳಿದ ಜೀವಗಳನ್ನು ಮೇಲಿಂದ ಸುರುವುವುದಿಲ್ಲ, ನೀರಿಗೆ ನೀರು ತಾಗಿಸಿ ಬಿಡುತ್ತಾರೆ. ಯಲ್ಲಾರಿ ನೀರಿನ ಬಕೆಟ್ಟಿನಲ್ಲಿ ಅದನ್ನಿಟ್ಟುಕೊಂಡು ಮತ್ತೆ ಇಳಿದ. ಮುಳುಗಿದ್ದ ಕಲ್ಲಿನ ಮೇಲೆ ಕೂಡಿಸಿ, ಹೊಸದಕ್ಕೆ ತೊಗಲಿನದರ ಬದಲು ಈ ಮನೆಯವರು ಒಪ್ಪುವ ರಬ್ಬರಿನ ವಾಷರನ್ನೇ ಹಾಕಿ, ಪೈಪಿಗೆ ಬಿಗಿದು ಮೇಲೆ ಬಂದ.

“ಸೀಗಡಿ ಹೋತೇನು?” ಎಂದಳು ಸುಂದರಾಬಾಯಿ.

“ಇಲ್ರಿ. ಅಲ್ಲೇ ಕುಂತೈತಿ. ಮನಿ ಬಿಡವಲ್ದು.”

ಒಂದು ಜೀವವೂ ಸತ್ತಿಲ್ಲವೆಂದು ಯಾರೂ ಆಣೆ ಮಾಡಲಾರರು, ಸುಂದರಾಬಾಯಿಗೂ ಅದು ಗೊತ್ತು. ಆದರೂ ಮೋಟಾರು ಶುರುವಾದಾಗ ತಾನೇ ನಲ್ಲಿಯ ಕೆಳಗೆ ತಾಮ್ರದ ಕೊಡವಿಟ್ಟು, ನಲ್ಲಿಯ ಬಾಯಿಗೆ ಮಡಿಚಿದ ಅರಿವೆ ಕಟ್ಟಿದಳು. ಸೋಸಿ ಬಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದಳು. ಕೊಡ ತುಂಬುವಷ್ಟರಲ್ಲಿ ಇನ್ನೊಂದು ಕೊಡವನ್ನು ಮುಂದೆಳೆದು, ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು.